ಕಾರವಾರದ ಐವತ್ತೆಂಟು ಸಾವಿರವೋ, ಹುಬ್ಬಳ್ಳಿಯ ಒಂದೂವರೆ ಲಕ್ಷವೋ?

ಪ್ರಶ್ನೆ: ನಮ್ಮ ಮನೆ ಶಿರಸಿ–ಕುಮಟಾ ರಸ್ತೆಯಿಂದ ಒಳಗೆ, ಮಣ್ಣು ರಸ್ತೆಯಲ್ಲಿದೆ. 2006ರ ಟಾಟಾ ಇಂಡಿಗೊ ಮರೀನಾ ಡೀಸೆಲ್ ಇಟ್ಟುಕೊಂಡಿದ್ದೇವೆ. ಹದಿನೈದು ವರ್ಷ ತುಂಬಿದಾಗ ಒಮ್ಮೆ ರಿನ್ಯೂವಲ್ ಮಾಡಿಸಿದ್ದೆವು, ಅದೂ ಈಗ ಮುಗಿಯುತ್ತ ಬಂತು. ಹಿಂದಿನ ಚಕ್ರದ ಹತ್ತಿರ ತಳ ತೂತು ಬಿದ್ದಿದೆ. ಅಡಿಕೆ ಚೀಲ, ಗೊಬ್ಬರ, ಪಂಪ್‌ಸೆಟ್ ಎಲ್ಲ ಅದರಲ್ಲೇ ಸಾಗುತ್ತಿತ್ತು. ಆಯಿಗೆ ಮಂಡಿ ನೋವು, ಆಗಾಗ ಹುಬ್ಬಳ್ಳಿ ಆಸ್ಪತ್ರೆಗೆ ಹೋಗಬೇಕು. ಮಗಳು ಕಾರವಾರದಲ್ಲಿದ್ದಾಳೆ. ಇಂಥದ್ದೇ ಡೀಸೆಲ್ ಗಾಡಿ ಸೆಕೆಂಡ್ ಹ್ಯಾಂಡ್‌ನಲ್ಲಿ ಬೇಕು, ಐದಾರು ಲಕ್ಷದೊಳಗೆ. ಮೂರು ಗಾಡಿ ಕಣ್ಣಿಗೆ ಬಿದ್ದಿವೆ: ಕಾರವಾರದಲ್ಲಿ 2016ರ ಎರ್ಟಿಗಾ, 58,000 ಕಿ.ಮೀ., ಎರಡನೇ ಮಾಲೀಕರದ್ದು; ಹುಬ್ಬಳ್ಳಿಯಲ್ಲಿ 2015ರ ಎರ್ಟಿಗಾ, 1.5 ಲಕ್ಷ ಕಿ.ಮೀ., ಒಬ್ಬರೇ ಮಾಲೀಕರು, ಸರ್ವಿಸ್ ಬಿಲ್ಲು ಇದೆ. ದೆಹಲಿಯಿಂದ ಬಂದ ರೆನೋ ಲಾಡ್ಜಿ, ರೇಟು ಬಹಳ ಕಡಿಮೆ. ಯಾವುದು ತಗೊಳ್ಳಲಿ?

ಉತ್ತರ: ಮೊದಲು ಹುಬ್ಬಳ್ಳಿಯದನ್ನು ನೋಡಿ. ಕಾರವಾರದ್ದನ್ನು ಲಿಫ್ಟ್ ಮೇಲೆ ಏರಿಸಿ ಅಡಿಯಿಂದ ನೋಡುವ ತನಕ ಮಾತು ಕೊಡಬೇಡಿ. ದೆಹಲಿಯದಕ್ಕೆ ಕಾಗದಪತ್ರ ಕೈಗೆ ಬರುವ ಮುಂಚೆ ಒಂದು ರೂಪಾಯಿ ಮುಂಗಡವೂ ಬೇಡ. ನಮ್ಮ ಜಿಲ್ಲೆಯಲ್ಲಿ ಡೀಸೆಲ್ ಕಾರು ಎಂಜಿನ್ ಸವೆದು ಮೂಲೆ ಸೇರುವುದು ಅಪರೂಪ, ತಳ ಕೊಳೆತು ಸೇರುವುದೇ ಹೆಚ್ಚು. ನಿಮ್ಮ ಮರೀನಾವೇ ಅದಕ್ಕೆ ಸಾಕ್ಷಿ. ಎಂಜಿನ್ ಇನ್ನೂ ಓಡುತ್ತಿದೆ, ನೆಲ ಹೋಗಿದೆ. ಹಾಗಿದ್ದೂ ನಾವು ಗಾಡಿ ನೋಡಲು ಹೋದಾಗ ಮೊದಲು ಬಗ್ಗಿ ನೋಡುವುದು ಮೀಟರನ್ನು.

ಮರೀನಾವನ್ನೇ ಟಿಂಕರಿಂಗ್ ಮಾಡಿಸಿ ಉಳಿಸಿಕೊಳ್ಳಬಹುದೇ ಎಂದು ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಬೇಡ. ತೂತು ಬಿದ್ದಿರುವುದು ಹಿಂದಿನ ಸಸ್ಪೆನ್ಷನ್ ಬಾಡಿಗೆ ಕೂರುವ ಜಾಗದ ಹತ್ತಿರ. ಅಲ್ಲಿ ತಗಡು ಬೆಸೆದರೆ ನೋಡಲು ಮುಚ್ಚಿದಂತಾಗುತ್ತದೆಯೇ ಹೊರತು ಮೊದಲಿನ ಬಲ ಬರುವುದಿಲ್ಲ. ಚೀಲ ತುಂಬಿ ದೇವಿಮನೆ ಘಟ್ಟ ಇಳಿಯುವ ಗಾಡಿಗೆ ಅದು ಸಲ್ಲದು. ಮೇಲಾಗಿ 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರಲ್ಲಿ 10,000 ರೂಪಾಯಿಗೆ ಏರಿಸಿದೆ. ಗ್ರೀನ್ ಟ್ಯಾಕ್ಸ್, ಎಫ್‌ಸಿಗೆ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರಕ್ಕೆ) ಮಾಡಿಸಬೇಕಾದ ಕೆಲಸ ಎಲ್ಲ ಅದರ ಮೇಲೆ.

‘ಇಂಥದ್ದೇ ಗಾಡಿ’ ಮಾತ್ರ ಈಗ ಸಿಗುವುದಿಲ್ಲ. ಸೆಡಾನಿನ ಬೆನ್ನನ್ನು ಹಿಂದಕ್ಕೆ ಎಳೆದು, ಡಿಕ್ಕಿಗೆ ಮೇಲೆತ್ತುವ ಬಾಗಿಲು ಕೊಟ್ಟ ಎಸ್ಟೇಟ್ ಕಾರು ನಮ್ಮ ದೇಶದಲ್ಲಿ ಗಟ್ಟಿಯಾಗಿ ಬೇರು ಬಿಡಲೇ ಇಲ್ಲ. 1992ರಲ್ಲಿ ಟಾಟಾ ಎಸ್ಟೇಟ್ ಬಂತು, 2004ರಲ್ಲಿ ಮರೀನಾ ಬಂತು, ಆಸುಪಾಸಿನಲ್ಲಿ ಸ್ಕೋಡಾ ಆಕ್ಟೇವಿಯಾ ಕಾಂಬಿಯಂಥವು ಕೆಲವು ಬಂದು ಹೋದವು. ಅವುಗಳಲ್ಲಿ ಉಳಿದಿರುವುದನ್ನು ಹುಡುಕಿ ತಂದರೆ ನಿಮ್ಮ ಈಗಿನ ಕಷ್ಟವನ್ನೇ ಮತ್ತೊಮ್ಮೆ ದುಡ್ಡು ಕೊಟ್ಟು ತಂದಂತೆ. ಹಾಗಾಗಿ ಮರೀನಾದಲ್ಲಿ ನಿಮಗೆ ಒಗ್ಗಿದ್ದು ಏನು ಎಂಬುದನ್ನು ಹಿಡಿದು ಹುಡುಕಬೇಕು: ಚೀಲವನ್ನು ಸೊಂಟದ ಮಟ್ಟಕ್ಕಿಂತ ಮೇಲೆ ಎತ್ತದೆ ಒಳಗೆ ತಳ್ಳಬಹುದು, ಆಯಿ ಮಂಡಿ ಹೆಚ್ಚು ಮಡಚದೆ ಕೂರಬಹುದು, ಘಟ್ಟದಲ್ಲಿ ಕಾರಿನ ಹಾಗೆ ತಿರುಗುತ್ತದೆ. ಬೊಲೆರೊ ತಗೊಳ್ಳಿ ಎಂದು ಹತ್ತು ಜನ ಹೇಳುತ್ತಾರೆ. ಗಟ್ಟಿ ಗಾಡಿ ಹೌದು, ನಿಮ್ಮ ಮಣ್ಣು ರಸ್ತೆಗೂ ಸರಿ. ಆದರೆ ಮಂಡಿ ನೋವಿನವರನ್ನು ಅಷ್ಟು ಎತ್ತರಕ್ಕೆ ಹತ್ತಿಸಿ ಹುಬ್ಬಳ್ಳಿಯವರೆಗೆ ಕುಲುಕಿಸುತ್ತ ಕರೆದೊಯ್ಯುವುದು ಬೇಡ. ಸ್ವಿಫ್ಟ್‌ನ ತಳಪಾಯದ ಮೇಲೆ ಕಟ್ಟಿದ ಎರ್ಟಿಗಾ ಮರೀನಾಕ್ಕೆ ಹತ್ತಿರದ ಗಾಡಿ. ಹಿಂದಿನ ಸೀಟು ಮಡಚಿಬಿಟ್ಟರೆ ಎಸ್ಟೇಟ್ ಕಾರೇ. ನೆಲದಿಂದ ತಳಕ್ಕೆ 185 ಮಿ.ಮೀ. ಅಂತರ ಇರುವುದರಿಂದ ನಿಮ್ಮ ಮಣ್ಣು ರಸ್ತೆಯ ನಡುವಿನ ದಿಣ್ಣೆಗೂ ತಾಗಲಾರದು. ನಿಮ್ಮ ಆಯ್ಕೆಯ ದಿಕ್ಕು ಸರಿಯಾಗಿಯೇ ಇದೆ.

ಈಗ ಕಾರವಾರದ ಗಾಡಿ. 58,000 ಕಿ.ಮೀ. ಎಂದರೆ ಆಸೆ ಹುಟ್ಟುವುದು ಸಹಜ. ಆದರೆ ಸಮುದ್ರದ ಪಕ್ಕ ನಿಂತೇ ಇದ್ದ ಗಾಡಿಗೆ ಓಡದಿರುವುದು ರಕ್ಷಣೆ ಅಲ್ಲ. ಉಪ್ಪು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಮಳೆ ಇಲ್ಲದ ದಿನವೂ ಉಪ್ಪು ಕೂತ ಕಬ್ಬಿಣ ಪೂರ್ತಿ ಒಣಗುವುದಿಲ್ಲ. ಮಳೆಗಾಲದಲ್ಲಿ ಮೇಲಿನ ಬಾಡಿಯನ್ನು ಮಳೆಯೇ ತೊಳೆಯುತ್ತದೆ, ತಳವನ್ನು ಯಾರೂ ತೊಳೆಯುವುದಿಲ್ಲ. ಅದಕ್ಕೇ ಕರಾವಳಿಯ ಎಷ್ಟೋ ಕಾರುಗಳು ಮೇಲೆ ಮಿಂಚುತ್ತ ಅಡಿಯಲ್ಲಿ ಹಪ್ಪಳದಂತೆ ಏಳುತ್ತಿರುತ್ತವೆ.

ಎರ್ಟಿಗಾದಂಥ ಗಾಡಿಗೆ ಕಾರವಾರ, ತದಡಿ, ಹೊನ್ನಾವರ, ಭಟ್ಕಳದಲ್ಲಿ ಇನ್ನೊಂದು ಅಪಾಯವಿದೆ. ಹಿಂದಿನ ಸೀಟು ಮಡಚಿದರೆ ನಿಮ್ಮ ಅಡಿಕೆ ಚೀಲ ಹೇಗೆ ಹಿಡಿಸುತ್ತದೋ ಬಂದರಿನ ಮೀನಿನ ಪೆಟ್ಟಿಗೆಯೂ ಹಾಗೆಯೇ ಹಿಡಿಸುತ್ತದೆ. ಐಸು ಕರಗಿದ ಉಪ್ಪುನೀರು ಕಾರ್ಪೆಟ್ ಕೆಳಗೆ ಇಳಿದು ಬಾಡಿಯ ಮಡಿಕೆಗಳಲ್ಲಿ ನಿಂತರೆ ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ಹೊರಗೆ ಕಾಣುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಒಳಗೆ ಘಮಘಮ ಸೆಂಟು ಹೊಡೆದಿದ್ದರೆ, ಹಿಂಬದಿಯ ಮ್ಯಾಟ್ ಮಾತ್ರ ಹೊಸದಾಗಿದ್ದರೆ ಅನುಮಾನಪಡಿ. ಬಿಸಿಲಿನಲ್ಲಿ ಗಾಜು ಏರಿಸಿ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಹಿಂದಿನ ಬಾಗಿಲು ತೆರೆದು ಮೂಸಿ. ಮೀನಿನ ವಾಸನೆಯನ್ನು ಕಾರ್ಪೆಟ್ ಅಷ್ಟು ಸುಲಭವಾಗಿ ಬಿಡುವುದಿಲ್ಲ. ನೆಲದ ಹಲಗೆ, ಕಾರ್ಪೆಟ್ ಎತ್ತಿ ಮೂಲೆಗಳ ಬೆಸುಗೆಯ ಮೇಲೆ ಬೆರಳಾಡಿಸಿ. ಬಣ್ಣ ಉಬ್ಬಿ, ಒತ್ತಿದರೆ ಪುಡಿಯಾಗುತ್ತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಕೆಳಗೆ ನೋಡುವ ಶ್ರಮವೂ ಬೇಡ.

ಅಲ್ಲಿಯವರೆಗೆ ಸರಿಯಿದ್ದರೆ ಲಿಫ್ಟ್ ಇರುವ ಗ್ಯಾರೇಜಿಗೆ ಒಯ್ಯಿರಿ. ಮಾರುವವರು ಒಪ್ಪದಿದ್ದರೆ ಆ ಗಾಡಿ ನಿಮಗಲ್ಲ. ಕೈಯಲ್ಲಿ ಟಾರ್ಚ್ ಮತ್ತು ಒಂದು ಸ್ಕ್ರೂಡ್ರೈವರ್ ಇರಲಿ. ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಭಾಗವನ್ನು ಸ್ಕ್ರೂಡ್ರೈವರಿನ ಹಿಡಿಕೆಯಿಂದ ತಟ್ಟುತ್ತ ಹೋಗಿ. ಗಟ್ಟಿ ತಗಡು ‘ಟಣ್’ ಎನ್ನುತ್ತದೆ, ಕೊಳೆತದ್ದು ಅಥವಾ ಪುಟ್ಟಿ ತುಂಬಿದ್ದು ಮಂಕಾಗಿ ಸದ್ದು ಮಾಡುತ್ತದೆ. ಎರ್ಟಿಗಾದ ಸ್ಟೆಪ್ನಿ ಹಿಂದೆ ತಳದ ಕೆಳಗೆ ನೇತಾಡುತ್ತದೆ. ಅದನ್ನು ಕೆಳಗಿಳಿಸಿಯೇ ನೋಡಿ. ಇಳಿಸುವ ಸ್ಕ್ರೂ ತುಕ್ಕು ಹಿಡಿದು ತಿರುಗದಿದ್ದರೆ ಉಳಿದ ತಳದ ಸ್ಥಿತಿಯನ್ನು ಅದೇ ಹೇಳಿದಂತೆ. ಹಿಂದಿನ ಆಕ್ಸಲ್ ಬೀಮ್, ಸ್ಪ್ರಿಂಗ್ ಕೂರುವ ಬಟ್ಟಲು, ಡೀಸೆಲ್ ಟ್ಯಾಂಕನ್ನು ಹಿಡಿದಿರುವ ಪಟ್ಟಿ, ಡೀಸೆಲ್ ಹಾಕುವ ಬಾಯಿಂದ ಟ್ಯಾಂಕಿಗೆ ಇಳಿಯುವ ಕೊಳವೆ, ಮುಂದೆ ರೇಡಿಯೇಟರ್ ಕೂತ ಅಡ್ಡಪಟ್ಟಿ, ಏಸಿ ಕಂಡೆನ್ಸರ್ ಇವನ್ನೆಲ್ಲ ನೋಡಬೇಕು. ಎಲ್ಲಕ್ಕಿಂತ ಮುಖ್ಯ ಬ್ರೇಕ್ ಪೈಪು. ಪೆನ್ಸಿಲಿಗಿಂತ ತೆಳ್ಳಗಿನ ಉಕ್ಕಿನ ಕೊಳವೆ ಎಂಜಿನ್ ಕಡೆಯಿಂದ ಹಿಂದಿನ ಚಕ್ರದವರೆಗೆ ತಳಕ್ಕೆ ಅಂಟಿಕೊಂಡು ಹೋಗಿರುತ್ತದೆ. ಕ್ಲಿಪ್ ಹಿಡಿದಿರುವ ಜಾಗದಲ್ಲಿ ಕೆಸರು, ಉಪ್ಪು ನಿಂತು ಅಲ್ಲೇ ತಿನ್ನುತ್ತದೆ. ಮೇಲ್ಮೈ ಕೆಂಪಾಗಿದ್ದರೆ ಒರೆಸಿ ಗ್ರೀಸ್ ಹಚ್ಚಬಹುದು. ಚಕ್ಕೆ ಏಳುತ್ತಿದ್ದರೆ ಪೂರ್ತಿ ಪೈಪು ಬದಲಿಸಬೇಕು. ಅಂಥ ಪೈಪು ಒಡೆಯುವುದು ಜೋರಾಗಿ ಬ್ರೇಕ್ ಒತ್ತಿದಾಗ, ಎಂದರೆ ನಮ್ಮಲ್ಲಿ ಘಟ್ಟ ಇಳಿಯುವಾಗ.

ತಳಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಹೆದರಿ. ಬಿಲ್ಲು ಸಹಿತ ನಾಲ್ಕೈದು ವರ್ಷದ ಹಿಂದೆ ಮಾಡಿಸಿದ್ದು ಒಳ್ಳೆಯ ಲಕ್ಷಣ. ಮಾರುವ ಮುಂಚಿನ ವಾರ ಮಾಡಿಸಿದ್ದು ಮುಚ್ಚಿಡುವ ಲಕ್ಷಣ.

ಹುಬ್ಬಳ್ಳಿಯ ಗಾಡಿಗೆ ಈ ಭಯ ಕಡಿಮೆ. ಅಲ್ಲಿನ ಗಾಳಿ ಒಣ, ಮಳೆ ನಮ್ಮಲ್ಲಿಗಿಂತ ಬಹಳ ಕಡಿಮೆ. ಎರೆಮಣ್ಣು ಮಾತ್ರ ಮೆತ್ತಿಕೊಂಡಿರುತ್ತದೆ, ನೋಡುವ ಮುಂಚೆ ವಾಟರ್ ಸರ್ವಿಸ್ ಮಾಡಿಸಿ. ಉತ್ತರ ಕರ್ನಾಟಕದಲ್ಲಿ 2019ರ ಆಗಸ್ಟ್‌ನಲ್ಲಿ ನೆರೆ ಬಂದಿತ್ತು, ನಮ್ಮಲ್ಲೂ ಕಾಳಿ, ಗಂಗಾವಳಿ ಉಕ್ಕಿದ್ದವು. ಹಾಗಾಗಿ ಎಲ್ಲಿಯ ಗಾಡಿಯಾದರೂ ನೀರಲ್ಲಿ ಮುಳುಗಿತ್ತೇ ಎಂದು ಒಮ್ಮೆ ಪರೀಕ್ಷಿಸಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟು ಜಾರುವ ಹಳಿಯ ಬೋಲ್ಟುಗಳು ತುಕ್ಕು ಹಿಡಿದಿರುತ್ತವೆ. ಕಾರು ತೊಳೆಯುವವರು ಅಷ್ಟು ಒಳಗೆ ಕೈ ಹಾಕುವುದಿಲ್ಲ.

1.5 ಲಕ್ಷ ಕಿ.ಮೀ. ಬಗ್ಗೆ ಹೇಳುತ್ತೇನೆ. ಎರ್ಟಿಗಾದ 1.3 ಲೀಟರ್ ಡೀಸೆಲ್ ಎಂಜಿನ್ 1,248 ಸಿಸಿಯದು, ಮೂಲ ಫಿಯೆಟ್ ಕಂಪನಿಯದು. ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ಟಾ, ಮಾಂಜಾ, ಪುಂಟೊ ಎಲ್ಲದರಲ್ಲೂ ಇದ್ದದ್ದು ಇದೇ ಕುಟುಂಬದ ಎಂಜಿನ್. ಮಾರುತಿ 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಬಿಗಿ ಹೊಗೆ ನಿಯಮ ಬಂದಾಗ ಡೀಸೆಲ್ಲನ್ನೇ ಕೈಬಿಟ್ಟಿತು. ಆದರೂ ಇಷ್ಟು ಗಾಡಿ ರಸ್ತೆಯ ಮೇಲಿರುವುದರಿಂದ ಶಿರಸಿಯಲ್ಲೇ ಕೈ ಹಾಕಬಲ್ಲ ಮೆಕ್ಯಾನಿಕ್‌ಗಳಿದ್ದಾರೆ, ಸಾಮಾನು ಸಿಗುತ್ತದೆ. ಸಮಯಕ್ಕೆ ಆಯಿಲ್ ಬದಲಿಸಿದ ಈ ಎಂಜಿನ್‌ಗೆ ಒಂದೂವರೆ ಲಕ್ಷ ಮುಪ್ಪಲ್ಲ. ಆಯಿಲ್ ಬದಲಿಸದ ಎಂಜಿನ್‌ಗೆ ಅರವತ್ತು ಸಾವಿರವೂ ಮುಪ್ಪೇ, ಏಕೆಂದರೆ ಇದರ ಟೈಮಿಂಗ್ ಚೈನು (ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಸರಪಳಿ) ಮತ್ತು ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಎರಡೂ ಆಯಿಲ್ಲಿನ ಮೇಲೇ ಬದುಕುತ್ತವೆ. ಹುಬ್ಬಳ್ಳಿಯವರ ಬಳಿ ಬಿಲ್ಲು ಇದೆ ಎಂದಿದ್ದೀರಿ. ಒಂದೊಂದನ್ನೂ ತೆಗೆದು, ಹತ್ತು ಸಾವಿರಕ್ಕೊಮ್ಮೆ ಆಯಿಲ್, ಫಿಲ್ಟರ್ ಬದಲಾಗಿದೆಯೇ ನೋಡಿ. ನಡುವೆ ಎರಡು ವರ್ಷ ಖಾಲಿ ಇದ್ದರೆ ಯಾಕೆಂದು ಕೇಳಿ.

ಬಿಲ್ಲಿನಲ್ಲಿರುವ ಕಿಲೋಮೀಟರು ಮೀಟರ್ ತಿರುಗಿಸಿದ್ದನ್ನೂ ಹೊರಹಾಕುತ್ತದೆ. ಬಿಲ್ಲಿಲ್ಲದ ಗಾಡಿಯಲ್ಲಿ ಕ್ಲಚ್, ಬ್ರೇಕ್ ಪೆಡಲಿನ ರಬ್ಬರು, ಡ್ರೈವರ್ ಸೀಟಿನ ಬಲಬದಿಯ ಅಂಚು, ಗೇರ್ ನಾಬ್ ನೋಡಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆ ಒತ್ತಿರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 58,000 ಓಡಿದೆ ಎನ್ನುವ ಗಾಡಿಯಲ್ಲಿ ನಾಲ್ಕೂ ಟಯರು ಎರಡನೇ ಸಲ ಬದಲಾಗಿದ್ದರೆ ಲೆಕ್ಕ ಕೂಡುವುದಿಲ್ಲ.

ಎಂಜಿನ್ ತಣ್ಣಗಿರುವಾಗ ಮೊದಲ ಸ್ಟಾರ್ಟ್ ನಿಮ್ಮೆದುರೇ ಆಗಬೇಕು. ಬೆಳಿಗ್ಗೆ ಬರುತ್ತೇನೆ, ಸ್ಟಾರ್ಟ್ ಮಾಡಿ ಇಡಬೇಡಿ ಎಂದು ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಚಹಾ ಕುಡಿದು ಮಧ್ಯಾಹ್ನ ಬನ್ನಿ. ತಣ್ಣಗಿನ ಎಂಜಿನ್ ಒಂದೇ ಸೆಲ್ಫ್‌ಗೆ ಹಿಡಿಯಬೇಕು. ಮೊದಲ ಕ್ಷಣದಲ್ಲಿ ಚೈನಿನ ಕಡೆಯಿಂದ ಗರಗರ ಬಂದು ನಿಲ್ಲದೆ ಮುಂದುವರಿದರೆ ಚೈನ್ ಸಡಿಲವಾಗಿದೆ, ಆ ಖರ್ಚು ಸಣ್ಣದಲ್ಲ. ಹೊಗೆಯ ಬಣ್ಣ ನೋಡಿ: ನೀಲಿ ಇದ್ದರೆ ಆಯಿಲ್ ಸುಡುತ್ತಿದೆ, ಕಪ್ಪು ಮೋಡದಂತೆ ಬಂದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಅಥವಾ ಗಾಳಿಯ ದಾರಿಯಲ್ಲಿ ದೋಷ, ಬಿಸಿಯಾದ ಮೇಲೂ ಬಿಳಿ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು. ಐಡ್ಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಸಣ್ಣ ಆವಿ ಆಡುವುದು ಸಹಜ, ಮುಚ್ಚಳವನ್ನೇ ಕುಣಿಸುವಷ್ಟು ಒತ್ತಡ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಗುರುತಿಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ ಇಂಜೆಕ್ಟರ್ ಸೋರುತ್ತಿದೆ. ಡೀಸೆಲ್ ಪಂಪ್ ಕೆಲಸದವರ ಹತ್ತಿರ ಇಂಜೆಕ್ಟರಿನಿಂದ ಎಷ್ಟು ಡೀಸೆಲ್ ವಾಪಸ್ ಬರುತ್ತದೆ ಎಂದು ಅಳೆಯುವ ರಿಟರ್ನ್ ಟೆಸ್ಟ್ ಮಾಡಿಸಿ. ಲಕ್ಷಗಟ್ಟಲೆ ವ್ಯವಹಾರದಲ್ಲಿ ಆ ಖರ್ಚು ಏನೂ ಅಲ್ಲ.

ಓಡಿಸುವಾಗ ನಿಮಗೊಂದು ವ್ಯತ್ಯಾಸ ಕಾಣುತ್ತದೆ. ಮರೀನಾದ ಹಳೆಯ ಎಂಜಿನ್ ಕಡಿಮೆ ಆರ್‌ಪಿಎಮ್‌ನಲ್ಲೂ ಗೊಣಗುತ್ತ ಎಳೆಯುತ್ತಿತ್ತು. ಈ 1.3 ಹಾಗಲ್ಲ, ಎರಡು ಸಾವಿರ ಆರ್‌ಪಿಎಮ್ ಹತ್ತಿರ ಬಂದಾಗಲೇ ಟರ್ಬೊ ಎದ್ದು ಪಿಕಪ್ ಸಿಗುವುದು. ದೇವಿಮನೆಯ ಹೇರ್‌ಪಿನ್ ತಿರುವಿನಲ್ಲಿ ಹಳೇ ಅಭ್ಯಾಸದಂತೆ ಮೂರನೇ ಗೇರಿನಲ್ಲೇ ಬಿಟ್ಟರೆ ಉಸಿರು ಕಟ್ಟುತ್ತದೆ. ಎರಡಕ್ಕೆ ಇಳಿಸಲೇಬೇಕು. ಹಾಗೆ ಇಳಿಸದೆ ಅರ್ಧ ಕ್ಲಚ್ಚಿನಲ್ಲಿ ಏರಿಸುವವರ ಕೈಯಲ್ಲಿ ಕ್ಲಚ್ ಬೇಗ ಹೋಗುತ್ತದೆ. ಅದಕ್ಕೆ ಪರೀಕ್ಷೆ ಸುಲಭ. ನಾಲ್ಕನೇ ಗೇರಿನಲ್ಲಿ ನಿಧಾನ ಹೋಗುತ್ತ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಮ್ ಮುಳ್ಳು ಹಾರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಅದರ ದುಡ್ಡನ್ನು ರೇಟಿನಲ್ಲಿ ಕಳೆಯಿರಿ. ಸಾಧ್ಯವಾದರೆ ಯಾವುದಾದರೂ ಏರಿನಲ್ಲಿ ನಾಲ್ಕು ಜನ ಕೂತು ಓಡಿಸಿ ನೋಡಿ. ಹುಬ್ಬಳ್ಳಿಯ ಸಪಾಟು ರಸ್ತೆಯಲ್ಲಿ ಎಲ್ಲ ಗಾಡಿಯೂ ಚೆನ್ನಾಗಿಯೇ ಓಡುತ್ತದೆ.

ದೆಹಲಿಯ ಲಾಡ್ಜಿ ಅಷ್ಟು ಅಗ್ಗ ಯಾಕೆಂದರೆ, ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ರಾಜಧಾನಿ ವಲಯದಲ್ಲಿ ನಿರ್ಬಂಧ ಬಂತು. ಹಸಿರು ನ್ಯಾಯಮಂಡಳಿಯ ಆದೇಶ 2015ರದು, ಸುಪ್ರೀಂ ಕೋರ್ಟ್ ಅದನ್ನು 2018ರಲ್ಲಿ ಎತ್ತಿಹಿಡಿಯಿತು. ಅದು ಅಲ್ಲಿಯ ನಿಯಮ, ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದಲೇ ಇಲ್ಲಿಗೆ ಬರುತ್ತವೆ. ಗಾಡಿಯಾಗಿ ಲಾಡ್ಜಿ ನನಗೆ ಬಹಳ ಇಷ್ಟ. ಒಳಗಿನ ಜಾಗದಲ್ಲಿ ಎರ್ಟಿಗಾವನ್ನು ಮೀರಿಸುತ್ತದೆ, ಹಿಂದಿನ ಸೀಟನ್ನು ತೆಗೆದೇ ಇಡಬಹುದು, ಡಸ್ಟರ್‌ನಲ್ಲಿದ್ದ 1.5 ಲೀಟರ್ ಎಂಜಿನ್ ದೂರದ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಆದರೆ ಅದಕ್ಕಿರುವುದು ಚೈನಲ್ಲ, ಟೈಮಿಂಗ್ ಬೆಲ್ಟ್. ಬೆಲ್ಟ್ ಹರಿದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಬದಲಿಸಿದ ಬಿಲ್ಲು ಇಲ್ಲದಿದ್ದರೆ ಕೊಂಡ ಕೂಡಲೇ ಬದಲಿಸಲೇಬೇಕು. ರೆನೋ 2020ರಲ್ಲಿ ಲಾಡ್ಜಿಯನ್ನೂ ಡೀಸೆಲ್ಲನ್ನೂ ನಿಲ್ಲಿಸಿತು, ಬಾಗಿಲು, ಬಂಪರ್, ಲೈಟಿನಂಥ ಸಾಮಾನಿಗೆ ಹುಡುಕಾಡಬೇಕು. ಕಾಗದದ ವಿಷಯದಲ್ಲಿ, ದೆಹಲಿ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ನಂತರ ಶಿರಸಿಯಲ್ಲಿ ಕೆಎ–31 ನಂಬರ್ ಮಾಡಿಸಬೇಕು, ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ತುಂಬಬೇಕು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ನೋಂದಣಿಯನ್ನು ದೆಹಲಿ ಸರ್ಕಾರ 2022ರ ಆರಂಭದಲ್ಲಿ ಒಟ್ಟೊಟ್ಟಿಗೆ ರದ್ದು ಮಾಡಿತ್ತು. ಆದ್ದರಿಂದ ಈ ಗಾಡಿಯ ನೋಂದಣಿ ಜೀವಂತ ಇದೆಯೇ ಎಂದು ಪರಿವಾಹನ್ ಆ್ಯಪ್‌ನಲ್ಲಿ ನೀವೇ ನೋಡಿ. ಟ್ಯಾಕ್ಸು, ಬೆಲ್ಟು, ಓಡಾಟ ಕೂಡಿಸಿದ ಮೇಲೆ ಎಷ್ಟು ಅಗ್ಗ ಉಳಿಯುತ್ತದೆ ಎಂದು ಲೆಕ್ಕ ಹಾಕಿ. ನನ್ನ ಅಂದಾಜಿನಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.

ಈ ಮೂರೂ ಕೈಕೊಟ್ಟರೆ ಹೋಂಡಾ ಬಿಆರ್‌–ವಿ ಡೀಸೆಲ್ ನೋಡಬಹುದು. 210 ಮಿ.ಮೀ. ಅಂತರವಿದೆ, ಎಂಜಿನ್ ಸದ್ದು ಹೆಚ್ಚು, ಕೆಲಸಕ್ಕೆ ಹುಬ್ಬಳ್ಳಿಗೇ ಹೋಗಬೇಕಾದೀತು. ಇನ್ನೋವಾ ನಿಮ್ಮ ಬಜೆಟ್ಟಿಗೆ ಸಿಕ್ಕರೆ ಅದು ಬಹಳ ಓಡಿದ ಟ್ಯಾಕ್ಸಿಯೇ ಆಗಿರುವ ಸಂಭವ ಹೆಚ್ಚು. ಬಿಎಸ್6 ಡೀಸೆಲ್ ಬೇಡ. ಅದರ ಸೈಲೆನ್ಸರಿನ ಮಸಿ ಫಿಲ್ಟರ್ ಸುಟ್ಟು ಶುದ್ಧವಾಗಲು ಹೆದ್ದಾರಿಯಲ್ಲಿ ಒಂದೇ ವೇಗದ ಓಟ ಬೇಕು. ತೋಟದಿಂದ ಪೇಟೆಗೆ ಹೋಗಿಬರುವ ನಿಮ್ಮ ದಿನನಿತ್ಯದ ಓಡಾಟ ಅದಕ್ಕೆ ಸಾಲದು.

ಕೈಯಲ್ಲಿರುವ ಎಲ್ಲ ದುಡ್ಡನ್ನೂ ಗಾಡಿಗೇ ಸುರಿಯಬೇಡಿ. ಆರು ಲಕ್ಷ ಇದ್ದರೆ ಐದರ ಗಾಡಿ ನೋಡಿ. ಉಳಿದದ್ದರಲ್ಲಿ ಆಯಿಲ್, ಎಲ್ಲ ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್, ಬೇಕಿದ್ದರೆ ಕ್ಲಚ್, ಟಯರ್ ಆಗುತ್ತದೆ. ಹುಬ್ಬಳ್ಳಿಯ ಒಣ ತಳ ಶಿರಸಿಯ ಮೊದಲ ಮಳೆ ನೋಡುವ ಮುಂಚೆಯೇ ಕೋಟಿಂಗ್ ಮಾಡಿಸಿ, ಬಾಗಿಲ ಕೆಳಗಿನ ಪೊಳ್ಳಿನೊಳಗೂ ಮೇಣದ ಸ್ಪ್ರೇ ಹೊಡೆಸಿ. ಹಳೇ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿದೆ, ಅದು ಸಸ್ಪೆನ್ಷನ್ ಬುಷ್‌ಗಳ ರಬ್ಬರನ್ನು ಹಾಳು ಮಾಡುತ್ತದೆ. ಬಾಗಿಲ ತಳದ ನೀರು ಹೋಗುವ ತೂತುಗಳಲ್ಲಿ ಎಲೆ, ಮಣ್ಣು ಕಟ್ಟದಂತೆ ಕಡ್ಡಿ ಹಾಕಿ ಬಿಡಿಸುತ್ತಿರಿ. ಮಗಳ ಮನೆಯಿಂದ ಬಂದ ಮರುದಿನ ಪೈಪು ಹಿಡಿದು ಸಿಹಿನೀರಿನಲ್ಲಿ ತಳ, ಚಕ್ರದ ಕಮಾನು ತೊಳೆಯಿರಿ. ಈ ತೊಳೆಯುವ ಅಭ್ಯಾಸ ಯಾವ ಕೋಟಿಂಗಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಹುಬ್ಬಳ್ಳಿ ಗಾಡಿಯ ಕಾಗದ ಸರಳ. ಮಾರುವವರ ಸಹಿಯ ಫಾರಂ 29, ಇಬ್ಬರ ಸಹಿಯ ಫಾರಂ 30, ಸಾಲ ಇದ್ದಿದ್ದರೆ ಬ್ಯಾಂಕಿನ ಫಾರಂ 35 ಮತ್ತು ಎನ್‌ಒಸಿ. ಆರ್‌ಸಿಯಲ್ಲಿ ಸಾಲದ ಟಿಪ್ಪಣಿ ಉಳಿದಿದೆಯೇ, ದಂಡದ ಚಲನ್ ಬಾಕಿಯಿದೆಯೇ ಎಂದು ಮೊದಲೇ ನೋಡಿ. ಕೊಂಡ 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ತಿಳಿಸಿ.

ಮರೀನಾವನ್ನು ರಿನ್ಯೂವಲ್ ಅವಧಿ ಮುಗಿಯುವ ಮುಂಚೆಯೇ ವಿಲೇವಾರಿ ಮಾಡಿ. ಅಧಿಕೃತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟರೆ ಸಿಗುವ ಡಿಪಾಸಿಟ್ ಪ್ರಮಾಣಪತ್ರದ ರಿಯಾಯಿತಿ ಹೊಸ ಗಾಡಿ ಕೊಳ್ಳುವವರಿಗೆ, ನಿಮಗೆ ನೇರ ಉಪಯೋಗವಿಲ್ಲ. ಆದರೆ ಆರ್‌ಸಿ ಕ್ರಮಬದ್ಧವಾಗಿ ರದ್ದಾಗುತ್ತದೆ. ಬಿಡಿಭಾಗಕ್ಕೆಂದು ಗುಜರಿಯವರು ನಾಲ್ಕು ಸಾವಿರ ಹೆಚ್ಚು ಕೊಟ್ಟರೂ, ನಂಬರು ನಿಮ್ಮ ಹೆಸರಿನಲ್ಲಿ ಉಳಿದಿರುವಾಗ ಗಾಡಿ ಅವರ ಅಂಗಳಕ್ಕೆ ಹೋಗುವುದು ಬೇಡ. ಆ ಪ್ಲೇಟು ನಾಳೆ ಬೇರೆ ಯಾವ ಗಾಡಿಯ ಮೇಲೆ ಕೂತರೂ ಪೊಲೀಸರು ಬರುವುದು ನಿಮ್ಮ ಮನೆಗೆ.